ಮಿತಿಯಿಲ್ಲದ ಪಣಕ್ಕೊಂದು ಮಿತಿ: ಪೋಕರ್ ಪಂದ್ಯದ ಚರಿತ್ರೆ

ರಾಜ್ಯೋತ್ಸವವೂ ದೀಪಾವಳಿಯೂ ಬಹುಮಟ್ಟಿಗೆ ಒಂದೇ ಋತುವಿನಲ್ಲಿ ಬರುತ್ತವೆ. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಇನ್ನೊಂದು ಹೆಸರುಂಟು. ಅಂದು ಪಾರ್ವತೀಪರಮೇಶ್ವರರು ಪಗಡೆಯಾಡಿದರೆಂದೂ ದೇವಿಯೇ ಗೆದ್ದಳೆಂದೂ ಪುರಾಣದ ನಂಬುಗೆ. ಆ ನೆಪದಿಂದ ಈ ಮುಂಬಯಿಯ ಎಷ್ಟೋ ಮನೆಗಳಲ್ಲಿ ಹಬ್ಬದ ನಾಲ್ಕು ದಿನ ಇಸ್ಪೀಟಿನ ಕಟ್ಟು ಹೊರಬರುತ್ತದೆ. ವರ್ಷವೆಲ್ಲ ಎಲೆ ಮುಟ್ಟದವರೂ ತೀನ್ ಪತ್ತಿಗೆ ಕೂರುತ್ತಾರೆ. ಹೀಗಿರುವಾಗ ಸಂಘದ ಸಂಚಿಕೆಯಲ್ಲಿ ಜೂಜಿನ ಚರಿತ್ರೆಯೊಂದನ್ನು ಬರೆಯಹೊರಟರೆ ವಾಚಕರು ಹುಬ್ಬು ಗಂಟಿಕ್ಕಲಾರರೆಂದು ನಂಬಿದ್ದೇವೆ.

ನಾವು ಇಲ್ಲಿ ಹೇಳಹೊರಟಿರುವುದು ಅಮೆರಿಕದ ಪೋಕರ್ ಆಟದ ಮಾತು. ಅದರಲ್ಲಿಯೂ ಪಣಕ್ಕೆ ಮಿತಿಯೇ ಇಲ್ಲದ 'ನೋ ಲಿಮಿಟ್' ಪಂದ್ಯ ಕ್ಯಾಸಿನೊಗಳಲ್ಲಿ ಹುಟ್ಟಿ ಬೆಳೆದ ಬಗೆ. ದೂರದ ಮಾತೆಂದು ತೋರಬಹುದು. ಆದರೆ ಈ ಆಟವು ಎತ್ತುವ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನು 1957ರಿಂದ ಇಂದಿನವರೆಗೆ ಕಾಡುತ್ತ ಬಂದಿದೆ. ಜೂಜಿನಲ್ಲಿ ಜಾಣ್ಮೆಗೆ ಎಷ್ಟು ಪಾಲು, ಅದೃಷ್ಟಕ್ಕೆ ಎಷ್ಟು ಪಾಲು ಎಂಬುದೇ ಆ ಪ್ರಶ್ನೆ. ಅದು ಮೊದಲ ಸಲ ದೊಡ್ಡದಾಗಿ ಎದ್ದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ಪತ್ರಿಕೆಯಿಂದ ಎಂಬುದನ್ನು ಮುಂದೆ ಕಾಣುತ್ತೇವೆ.

ಜೂಜು ನಮಗೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬ ತನ್ನ ಗತಿಗೆ ತಾನೇ ಮರುಗುವ ಸೂಕ್ತವೊಂದಿದೆ. ಮಹಾಭಾರತದ ಕಥೆಯೆಲ್ಲ ತಿರುಗುವುದು ಸಭಾಪರ್ವದ ದ್ಯೂತದ ಸುತ್ತ. ಪಂಪನೂ ಕುಮಾರವ್ಯಾಸನೂ ಆ ನೆತ್ತದ ಸಭೆಯನ್ನು ಕನ್ನಡಿಗರ ಕಣ್ಣಮುಂದೆ ನಿಲ್ಲಿಸಿದ್ದಾರೆ. ವನಪರ್ವದ ನಳೋಪಾಖ್ಯಾನದಲ್ಲಿ ಇನ್ನೊಂದು ಸೂಕ್ಷ್ಮ ಅಡಗಿದೆ. ಋತುಪರ್ಣ ಮಹಾರಾಜನು ಓಡುವ ರಥದಿಂದಲೇ ತಾರೆಯ ಮರವೊಂದನ್ನು ನೋಡಿ ಅದರ ಎಲೆಕಾಯಿಗಳ ಲೆಕ್ಕ ಹೇಳುತ್ತಾನೆ. ಆ ಎಣಿಕೆಯ ವಿದ್ಯೆಯೂ ದಾಳದ ಮರ್ಮವಾದ ಅಕ್ಷಹೃದಯವೂ ಒಟ್ಟಿಗೆ ಸಾಗುವಂಥವೆಂದು ಕಥೆ ಸೂಚಿಸುತ್ತದೆ. ನಳನು ಅದನ್ನು ಕಲಿತು ಕಳೆದುಕೊಂಡ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಜೂಜಿನಲ್ಲಿ ಗಣಿತವಿದೆ, ಆ ಗಣಿತವನ್ನು ಕಲಿಯಬಹುದು ಎಂಬ ಅರಿವು ಆ ಕಾಲಕ್ಕೇ ಇತ್ತೆಂಬುದು ಗಮನಾರ್ಹ.

ಕೌಟಿಲ್ಯನು ಧರ್ಮದ ಮಾತನ್ನು ಬದಿಗಿಟ್ಟು ಆಡಳಿತದ ಮಾತನ್ನಾಡಿದ. ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ, ದ್ಯೂತಾಧ್ಯಕ್ಷನ ಕಣ್ಣಮುಂದೆ ನಡೆಯತಕ್ಕದ್ದು; ಬೇರೆ ಕಡೆ ಆಡಿದವರಿಗೆ ಹನ್ನೆರಡು ಪಣ ದಂಡ; ಗೆದ್ದವನ ಹಣದಲ್ಲಿ ನೂರಕ್ಕೆ ಐದು ಅಧ್ಯಕ್ಷನಿಗೆ; ದಾಳಗಳ ಬಾಡಿಗೆ, ನೀರು ಮತ್ತು ಸ್ಥಳದ ಶುಲ್ಕ ಬೇರೆ. ಗುಟ್ಟಾಗಿ ಬದುಕುವ ಕಳ್ಳಕಾಕರನ್ನು ಪತ್ತೆ ಮಾಡಲು ಇದೇ ಅನುಕೂಲವೆಂಬುದು ಅರ್ಥಶಾಸ್ತ್ರದ ವಾದ. ನೂರಕ್ಕೆ ಐದು ಎಂಬ ಆ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು.

ಎಲೆಯಾಟ ನಮ್ಮಲ್ಲಿಗೆ ಬಂದದ್ದು ಬಹಳ ಈಚೆಗೆ, ಪರ್ಷಿಯದ ಕಡೆಯಿಂದ ಗಂಜೀಫಾ ಎಂಬ ಹೆಸರಿನಲ್ಲಿ. ಅದನ್ನು ತನ್ನದಾಗಿಸಿಕೊಂಡ ಊರುಗಳಲ್ಲಿ ಮೈಸೂರೂ ಒಂದು. ಮುಮ್ಮಡಿ ಕೃಷ್ಣರಾಜ ಒಡೆಯರು ಚದಗಳೆಂಬ ಎಲೆಯಾಟಗಳನ್ನು ತಾವೇ ಕಲ್ಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವನ್ನು ಬರೆಸಿದರು. ದೇವತೆಗಳ ಚಿತ್ರವುಳ್ಳ ಆ ಕಟ್ಟುಗಳಲ್ಲಿ ಕೆಲವಕ್ಕೆ ನೂರಾರು ಎಲೆಗಳು. ಮೈಸೂರಿನ ಗಂಜೀಫಾ ಕಲೆಗೆ ಇಂದು ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಅರಮನೆಯ ಎಲೆಯಾಟ ವಿನೋದಕ್ಕೂ ಪುರಾಣಸ್ಮರಣೆಗೂ ಆದದ್ದು. ಅದೇ ಶತಮಾನದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಎಲೆಯಾಟ ಬೇರೆಯೇ ದಾರಿ ಹಿಡಿಯಿತು.

ಪೋಕರ್ ರೂಪುಗೊಂಡದ್ದು 19ನೆಯ ಶತಮಾನದ ಮೊದಲ ದಶಕಗಳಲ್ಲಿ, ಮಿಸಿಸಿಪ್ಪಿ ನದಿಯ ಬಾಯಲ್ಲಿರುವ ನ್ಯೂ ಆರ್ಲಿಯನ್ಸ್ ನಗರದ ಸುತ್ತಮುತ್ತ. ಮೊದಮೊದಲು ಇಪ್ಪತ್ತೇ ಎಲೆ, ನಾಲ್ಕು ಜನ, ಒಬ್ಬೊಬ್ಬರಿಗೆ ಐದೈದು. ನದಿಯ ಮೇಲೆ ಓಡಾಡುತ್ತಿದ್ದ ಉಗಿದೋಣಿಗಳು ಹತ್ತಿಯ ಮೂಟೆಗಳೊಡನೆ ಈ ಆಟವನ್ನೂ ಉತ್ತರಕ್ಕೆ ಹೊತ್ತುವು. ಜನ ಹೆಚ್ಚಿದಂತೆ ಇಪ್ಪತ್ತು ಎಲೆ ಸಾಲದೆ ಐವತ್ತೆರಡರ ಪೂರ್ಣ ಕಟ್ಟು ಬಂತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಶಿಬಿರ ಶಿಬಿರಗಳಲ್ಲಿ ಆಡಿದ ಸೈನಿಕರು ಮನೆಗೆ ಮರಳುವಾಗ ಅದನ್ನು ದೇಶದ ಮೂಲೆಮೂಲೆಗೂ ಒಯ್ದರು. ಉಗಿದೋಣಿಯ ಆಟದಲ್ಲಿ ಮೋಸಗಾರರೇ ತುಂಬಿದ್ದರೆಂಬುದೂ ಅಷ್ಟೇ ನಿಜ. ಜೋನಥನ್ ಗ್ರೀನ್ ಎಂಬ ಮಾಜಿ ಜೂಜುಗಾರ 1843ರಲ್ಲಿ ಆ ಕುತಂತ್ರಗಳನ್ನೆಲ್ಲ ಬಯಲಿಗೆಳೆದು ಒಂದು ಪುಸ್ತಕವನ್ನೇ ಬರೆದ.

ಇಂದು ಪ್ರಪಂಚವೆಲ್ಲ ಆಡುವ ಬಗೆಗೆ 'ಟೆಕ್ಸಸ್ ಹೋಲ್ಡ್ ಎಮ್' ಎಂದು ಹೆಸರು. ಟೆಕ್ಸಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಸಣ್ಣ ಊರೇ ಇದರ ಜನ್ಮಸ್ಥಳವೆಂದು ಅಲ್ಲಿಯ ಶಾಸನಸಭೆ 2007ರಲ್ಲಿ ನಿರ್ಣಯವನ್ನೇ ಮಾಡಿತು. ಆಟದ ಕ್ರಮ ಸರಳ. ಮೇಜಿನ ಸುತ್ತ ಒಂಬತ್ತೋ ಹತ್ತೋ ಮಂದಿ ಕೂರುತ್ತಾರೆ. ಒಬ್ಬೊಬ್ಬರಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಬಿಚ್ಚಿ ಇಡುತ್ತಾರೆ. ಈ ಐದು ಎಲ್ಲರಿಗೂ ಸೇರಿದ ಸೊತ್ತು. ತನ್ನ ಎರಡು, ನಡುವಣ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದನ್ನು ಕೂಡಿಸಿಕೊಂಡವನು ಗೆದ್ದ. ಎಲೆ ಹಂಚಿದ ಮೇಲೆ ಒಮ್ಮೆ, ನಡುವಣ ಎಲೆ ಬಿಚ್ಚಿದಾಗಲೆಲ್ಲ ಒಮ್ಮೆ, ಹೀಗೆ ನಾಲ್ಕು ಸಲ ಪಣ ಒಡ್ಡುವ ಅವಕಾಶ. ಎದುರಾಳಿ ಒಡ್ಡಿದ್ದಕ್ಕೆ ಸರಿಗಟ್ಟಬೇಕು, ಇಲ್ಲವೆ ಏರಿಸಬೇಕು, ಇಲ್ಲವೆ ಎಲೆ ಚೆಲ್ಲಿ ಸುಮ್ಮನಾಗಬೇಕು. ಎಲ್ಲರೂ ಚೆಲ್ಲಿದರೆ ಉಳಿದ ಒಬ್ಬನು ತನ್ನ ಎಲೆಯನ್ನು ತೋರಿಸದೆಯೇ ಹಣವನ್ನು ಬಾಚಿಕೊಳ್ಳಬಹುದು. ಬರಿಗೈಯವನು ಧೈರ್ಯದಿಂದ ಪಣ ಏರಿಸಿ ಒಳ್ಳೆಯ ಎಲೆಯವನನ್ನು ಓಡಿಸುವುದು ಈ ನಿಯಮದಿಂದಲೇ ಸಾಧ್ಯ.

ಪಣಕ್ಕೆ ಮಿತಿ ಇಟ್ಟು ಆಡುವ ಬಗೆಯೂ ಉಂಟು. ನೋ ಲಿಮಿಟ್ ಆಟದಲ್ಲಾದರೋ ಯಾವ ಘಳಿಗೆಯಲ್ಲಿ ಬೇಕಾದರೂ ತನ್ನ ಮುಂದಿರುವುದನ್ನೆಲ್ಲ ನಡುವೆ ತಳ್ಳಬಹುದು. 'ಆಲ್ ಇನ್' ಎಂಬ ಎರಡು ಪದ ಉಚ್ಚರಿಸಿದರೆ ಸಾಕು. ನುಡಿದ ಮಾತನ್ನು ಹಿಂದೆಗೆಯುವಂತಿಲ್ಲ. ನಮ್ಮ ಧರ್ಮರಾಯನ ಆಟವೂ ಮಿತಿಯಿಲ್ಲದ ಆಟವೇ. ಆದರೆ ಟೆಕ್ಸಸ್ಸಿನವರ ನಿಯಮ ಒಂದು ಹೆಜ್ಜೆ ಮೇಲು: ಆಟ ಆರಂಭವಾದಾಗ ಮೇಜಿನ ಮೇಲಿದ್ದಷ್ಟೇ ಪಣ, ಮನೆಯಿಂದ, ಜೇಬಿನಿಂದ ಆ ಕೈ ಮುಗಿಯುವವರೆಗೆ ಏನನ್ನೂ ತರುವಂತಿಲ್ಲ. ಹಸ್ತಿನಾವತಿಯಲ್ಲಿ ಈ ನಿಯಮ ಇದ್ದಿದ್ದರೆ ತಮ್ಮಂದಿರೂ ದ್ರೌಪದಿಯೂ ಪಣವಾಗುತ್ತಿರಲಿಲ್ಲ.

ಈ ಆಟವನ್ನು ಕಲಿತವರು ಟೆಕ್ಸಸ್ಸಿನ ಊರೂರು ಅಲೆಯುವ ಜೂಜುಗಾರರು. ಅಲ್ಲಿ ಜೂಜು ಕಾನೂನಿಗೆ ವಿರುದ್ಧ. ಗೆದ್ದರೆ ದರೋಡೆಕೋರರ ಭಯ, ಸಿಕ್ಕರೆ ಪೋಲೀಸರ ಭಯ. ಮುಂದೆ ಎರಡು ಸಲ ಚಾಂಪಿಯನ್ ಆದ ಡಾಯ್ಲ್ ಬ್ರನ್ಸನ್ ಇಂಥ ದಾರಿಯಲ್ಲಿ ವರ್ಷಗಟ್ಟಲೆ ತಿರುಗಿದವನೇ. ಇವರಿಗೆ ನೆಲೆ ಒದಗಿಸಿದ್ದು ನೆವಾಡ ರಾಜ್ಯ. ಆರ್ಥಿಕ ಕುಸಿತದ ಕಾಲದಲ್ಲಿ, 1931ರಲ್ಲಿ, ಆ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಅದೇ ವರ್ಷ ಸಮೀಪದಲ್ಲಿ ಹೂವರ್ ಅಣೆಕಟ್ಟಿನ ಕೆಲಸವೂ ಆರಂಭವಾಗಿ ಲಾಸ್ ವೇಗಸ್ ಎಂಬ ಮರುಭೂಮಿಯ ಊರು ನಗರವಾಗತೊಡಗಿತು.

ಅಲ್ಲಿಗೆ ಬಂದವರಲ್ಲಿ ಬೆನ್ನಿ ಬಿನಿಯನ್ ಒಬ್ಬ. 1904ರಲ್ಲಿ ಟೆಕ್ಸಸ್ಸಿನಲ್ಲಿ ಹುಟ್ಟಿದ ಈತ ಡಲ್ಲಾಸ್ ನಗರದ ಗುಪ್ತ ಜೂಜಿಗೆ ಒಡೆಯನಾಗಿದ್ದವನು, ಸಾಧುಪುರುಷನೇನೂ ಅಲ್ಲ. 1931ರಲ್ಲಿ ಒಬ್ಬನನ್ನು ಕೊಂದು ಜಾರಿಗೆ ಬಾರದ ಶಿಕ್ಷೆಯೊಂದಿಗೆ ಪಾರಾಗಿದ್ದ. ತೆರಿಗೆ ತಪ್ಪಿಸಿದ್ದಕ್ಕಾಗಿ 1950ರ ದಶಕದಲ್ಲಿ ಸೆರೆಮನೆಯನ್ನೂ ಕಂಡ. 1951ರಲ್ಲಿ ಆತ ಲಾಸ್ ವೇಗಸ್ಸಿನಲ್ಲಿ ತೆರೆದ ಜೂಜುಮನೆಗೆ 'ಹಾರ್ಸ್ ಶೂ' ಎಂದು ಹೆಸರು, ಕುದುರೆಲಾಳವೆಂದು ಅರ್ಥ. ಹತ್ತು ಸಾವಿರ ಡಾಲರಿನ ನೂರು ನೋಟುಗಳನ್ನು ಲಾಳದ ಆಕಾರದ ಚೌಕಟ್ಟಿನಲ್ಲಿ ಜೋಡಿಸಿ ಬಂದವರಿಗೆ ತೋರಿಸುತ್ತಿದ್ದ. ದೊಡ್ಡ ಪಣಕ್ಕೆ ಹಿಂಜರಿಯದ ಮನೆಯೆಂಬ ಹೆಸರನ್ನು ಅದು ಗಳಿಸಿತು.

1969ರಲ್ಲಿ ರೀನೋ ನಗರದ ಒಂದು ಹೋಟೆಲಿನಲ್ಲಿ ಟೆಕ್ಸಸ್ ಜೂಜುಗಾರರ ಸಮ್ಮೇಳನ ನಡೆಯಿತು. ಅದನ್ನು ಕಂಡ ಬಿನಿಯನ್ನನೂ ಅವನ ಮಗ ಜಾಕನೂ 1970ರಲ್ಲಿ ತಮ್ಮ ಮನೆಯಲ್ಲಿಯೇ ಅಂಥದೊಂದನ್ನು ಕೂಡಿಸಿ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ಎಂದು ಕರೆದರು. ಹೆಸರು ವಿಶ್ವದ್ದು, ಬಂದವರು ಬೆರಳೆಣಿಕೆಯ ಮಂದಿ. ಆ ವರ್ಷ ಆಟಗಾರರೇ ಮತ ಹಾಕಿ ಜಾನಿ ಮಾಸ್ ಎಂಬ ಹಿರಿಯನನ್ನು ಶ್ರೇಷ್ಠನೆಂದು ಆರಿಸಿ ಬೆಳ್ಳಿಯ ಬಟ್ಟಲನ್ನು ಕೊಟ್ಟರು. ಮತದಿಂದ ಆರಿಸಿದ ಚಾಂಪಿಯನ್ನನಲ್ಲಿ ನೋಡುವವರಿಗೆ ಸ್ವಾರಸ್ಯವಿಲ್ಲ. ಆದ್ದರಿಂದ 1971ರಲ್ಲಿ ಕ್ರಮ ಬದಲಾಯಿತು. ಪ್ರತಿಯೊಬ್ಬನೂ ಐದು ಸಾವಿರ ಡಾಲರು ಕಟ್ಟಿ, ಅಷ್ಟೇ ಬಿಲ್ಲೆಗಳನ್ನು ಪಡೆದು, ಒಬ್ಬನ ಬಳಿಗೆ ಎಲ್ಲ ಬಿಲ್ಲೆಗಳೂ ಸೇರುವವರೆಗೆ ಆಡುವುದು. ಆರು ಮಂದಿ ಆಡಿದರು. ಮೂವತ್ತು ಸಾವಿರವನ್ನೂ ಮತ್ತೆ ಜಾನಿ ಮಾಸನೇ ಗೆದ್ದ. 1972ರಲ್ಲಿ ಪ್ರವೇಶಧನ ಹತ್ತು ಸಾವಿರವಾಯಿತು. ಐವತ್ತು ವರ್ಷಗಳಿಗೂ ಮಿಕ್ಕಿ ಮುಖ್ಯ ಪಂದ್ಯದ ಪ್ರವೇಶಧನ ಅದೇ ಆಗಿ ಉಳಿದಿದೆ.

ಈ ಬದಲಾವಣೆಯನ್ನು ನಾವು ಚರಿತ್ರೆಯ ತಿರುವೆಂದೇ ಭಾವಿಸುತ್ತೇವೆ. ಮಿತಿಯಿಲ್ಲದ ಆಟಕ್ಕೆ ಇಲ್ಲಿ ಮೊದಲ ಬಾರಿಗೆ ಹೊರಗಿನಿಂದೊಂದು ಮಿತಿ ಬಿತ್ತು. ಸಾಮಾನ್ಯ ಜೂಜಿನಲ್ಲಿ ಸೋತವನು ಜೇಬಿಗೆ ಕೈ ಹಾಕುತ್ತಾನೆ, ಆಮೇಲೆ ಸಾಲಕ್ಕೆ ಕೈ ಹಾಕುತ್ತಾನೆ. ಪಂದ್ಯದಲ್ಲಿ ಬಿಲ್ಲೆಗಳಿಗೆ ನಗದು ಬೆಲೆ ಇಲ್ಲ. ನಡುವೆ ಎದ್ದು ಹೋಗಿ ಅವನ್ನು ಹಣವಾಗಿ ಮಾರ್ಪಡಿಸುವಂತಿಲ್ಲ. ಮುಗಿದರೆ ಕುರ್ಚಿ ಬಿಟ್ಟೇಳಬೇಕು. ಎಷ್ಟು ಆವೇಶದಿಂದ ಆಡಿದರೂ ಕಟ್ಟಿದ್ದಕ್ಕಿಂತ ಹೆಚ್ಚು ಹೋಗದು.

ಹಾಗಾದರೆ ಒಳ್ಳೆಯ ಎಲೆ ಬರುವವರೆಗೆ ಸುಮ್ಮನೆ ಕುಳಿತರಾಯಿತಲ್ಲ ಎಂದು ಕೇಳಬಹುದು. ಅದಕ್ಕೆ ತಡೆಯೂ ಉಂಟು. ಪ್ರತಿ ಕೈಯಲ್ಲಿಯೂ ಸರದಿಯ ಪ್ರಕಾರ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಹಾಕಬೇಕು. ಇದಕ್ಕೆ 'ಬ್ಲೈಂಡ್', ಎಂದರೆ ಕುರುಡು ಪಣ, ಎಂದು ಹೆಸರು. ಗಡಿಯಾರದ ಲೆಕ್ಕದಲ್ಲಿ ಇದು ಮೇಲೇರುತ್ತಲೇ ಹೋಗುತ್ತದೆ. ಒಬ್ಬನ ಬಳಿ ಹತ್ತು ಸಾವಿರ ಬಿಲ್ಲೆ ಇದೆಯೆನ್ನೋಣ. ಆರಂಭದಲ್ಲಿ ಕುರುಡು ಪಣಗಳು 50 ಮತ್ತು 100 ಆಗಿದ್ದರೆ ಮೇಜಿನ ಒಂದು ಸುತ್ತಿಗೆ ಹೋಗುವುದು 150 ಮಾತ್ರ. ಕೆಲವು ಗಂಟೆಗಳ ಮೇಲೆ ಅವು 500 ಮತ್ತು 1,000 ಆದಾಗ ಸುತ್ತಿಗೆ 1,500 ಹೋಗುತ್ತದೆ. ಏನೂ ಆಡದೆ ಕುಳಿತವನು ಏಳು ಸುತ್ತು ಮುಗಿಯುವುದರೊಳಗೆ ಬರಿದಾಗುತ್ತಾನೆ. ಆತುರಗಾರ ಬೇಗ ಕೆಡುತ್ತಾನೆ, ಅಂಜುಬುರುಕ ನಿಧಾನವಾಗಿ ಕೆಡುತ್ತಾನೆ. ಯಾವಾಗ ಕಾಯಬೇಕು, ಯಾವಾಗ ಸರ್ವಸ್ವವನ್ನೂ ಒಡ್ಡಬೇಕು ಎಂಬ ವಿವೇಚನೆಯೇ ಇಲ್ಲಿಯ ಜಾಣ್ಮೆ.

ಅದೃಷ್ಟದ ಪಾಲನ್ನೂ ಲೆಕ್ಕ ಹಾಕೋಣ. ಐವತ್ತೆರಡು ಎಲೆಗಳಲ್ಲಿ ಎರಡನ್ನು ಆರಿಸುವ ಬಗೆಗಳು 1,326. ಅವುಗಳಲ್ಲಿ ಎರಡೂ ಎಕ್ಕವಾಗಿರುವುದು ಆರು ಬಗೆ ಮಾತ್ರ. ಎಂದರೆ 221 ಸಲ ಹಂಚಿದರೆ ಸರಾಸರಿ ಒಮ್ಮೆ. ಇದಕ್ಕಿಂತ ಮೇಲಾದ ಆರಂಭವಿಲ್ಲ. ಎರಡು ಎಕ್ಕದವನಿಗೆ ಎರಡು ರಾಜನವನು ಎದುರಾಗಿ ಇಬ್ಬರೂ ಎಲ್ಲವನ್ನೂ ಒಡ್ಡಿದರೆನ್ನಿ. ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲ, ಯಾವ ತಪ್ಪನ್ನೂ ಮಾಡದವನು ಎದ್ದು ಮನೆಗೆ ಹೋಗಬೇಕು. ಇಂಥ ಅನುಕೂಲ ಸಂದರ್ಭ ನಾಲ್ಕು ಸಲ ಒದಗಿ ನಾಲ್ಕರಲ್ಲಿಯೂ ಗೆಲ್ಲುವ ಸಂಭವ ನೂರಕ್ಕೆ 45 ಮಾತ್ರ. ಆದ್ದರಿಂದ ಒಂದು ಪಂದ್ಯದ ಫಲವನ್ನು ನೋಡಿ ಆಟಗಾರನ ಯೋಗ್ಯತೆಯನ್ನು ಅಳೆಯಲಾಗದು. ನೂರಾರು ಪಂದ್ಯಗಳನ್ನು ನೋಡಿದರೆ ಅಳೆಯಬಹುದು. ಜಾಣ್ಮೆಯೋ ಅದೃಷ್ಟವೋ ಎಂಬ ವಾದಕ್ಕೆ ಕೊನೆಯಿಲ್ಲದಿರುವುದು ಇದರಿಂದಲೇ. ಒಂದು ರಾತ್ರಿಯನ್ನು ನೋಡುವವನಿಗೆ ಅದೃಷ್ಟ ಕಾಣುತ್ತದೆ. ಹತ್ತು ವರ್ಷವನ್ನು ನೋಡುವವನಿಗೆ ಜಾಣ್ಮೆ ಕಾಣುತ್ತದೆ.

ಬಿನಿಯನ್ನನ ಮನೆಯ ಪಂದ್ಯ ಮೆಲ್ಲಮೆಲ್ಲನೆ ಬೆಳೆಯಿತು. 1973ರಲ್ಲಿ ಹದಿಮೂರು ಮಂದಿ ಆಡಿದರು. ಆ ವರ್ಷ ನೆವಾಡ ವಿಶ್ವವಿದ್ಯಾನಿಲಯದವರು ಬರೆದಿಟ್ಟುಕೊಂಡ ತನ್ನ ನೆನಪುಗಳಲ್ಲಿ ಆತ, ಮುಂದೆ ಇದು ಐವತ್ತು ಮಂದಿಗೆ ಏರಿದರೂ ಏರೀತು, ಅದಕ್ಕೂ ಹೆಚ್ಚಾದರೂ ಆದೀತು ಎಂಬ ಆಸೆಯನ್ನು ಪ್ರಕಟಿಸಿದ್ದಾನೆ. 1976 ಮತ್ತು 1977ರಲ್ಲಿ ಬ್ರನ್ಸನ್ ಗೆದ್ದ. ಎರಡು ವರ್ಷವೂ ಅವನ ಕೊನೆಯ ಕೈ ಹತ್ತು ಮತ್ತು ಎರಡು ಎಂಬ ಬಡ ಎಲೆಗಳೇ. ಆಟದ ಗುಟ್ಟುಗಳನ್ನು ಆತ ದೊಡ್ಡ ಗ್ರಂಥವಾಗಿಯೇ ಬರೆದು ಅಚ್ಚು ಹಾಕಿಸಿದ್ದರಿಂದ ಪೋಕರ್ ಓದಿ ಕಲಿಯುವ ವಿದ್ಯೆಯಾಯಿತು. 1978ರಿಂದ ಬಹುಮಾನವನ್ನು ಗೆದ್ದವನೊಬ್ಬನಿಗೇ ಕೊಡದೆ ಕೊನೆಯವರೆಗೆ ಉಳಿದ ಕೆಲವರಿಗೆ ಹಂಚತೊಡಗಿದರು. ಸಣ್ಣ ಮೊತ್ತದ ಪಂದ್ಯವನ್ನು ಗೆದ್ದವರಿಗೆ ದೊಡ್ಡ ಪಂದ್ಯದ ಸ್ಥಾನ ಕೊಡುವ 'ಸ್ಯಾಟಲೈಟ್' ಪದ್ಧತಿಯೂ ಬಂತು. 1982ರಲ್ಲಿ ಆಟಗಾರರ ಸಂಖ್ಯೆ 104. ಆ ವರ್ಷ ಜಾಕ್ ಸ್ಟ್ರಾಸ್ ಎಲ್ಲವನ್ನೂ ಕಳೆದುಕೊಂಡು ಏಳುವಾಗ ಒಂದೇ ಒಂದು ಬಿಲ್ಲೆ ಅಡಗಿ ಉಳಿದಿದ್ದುದು ಕಂಡು, ಅದರಿಂದಲೇ ಮರಳಿ ಆಡಿ ಚಾಂಪಿಯನ್ ಆದನೆಂಬ ಕಥೆಯನ್ನು ಜೂಜುಗಾರರು ಇಂದಿಗೂ ಹೇಳುತ್ತಾರೆ.

ಇಂಥ ಕಥೆಗಳ ಬೆಳಕಿನಲ್ಲಿ ಸ್ಟೂ ಉಂಗರ್ ಎಂಬವನ ಕಥೆಯನ್ನು ಮರೆಯಲಾಗದು. 1953ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತ ಜಿನ್ ರಮ್ಮಿಯಲ್ಲಿ ಅಪ್ರತಿಮ. ತನ್ನೊಡನೆ ಆಡುವವರೇ ಇಲ್ಲದಂತಾದಾಗ ಪೋಕರಿಗೆ ಬಂದು 1980ರಲ್ಲಿಯೂ 1981ರಲ್ಲಿಯೂ ಚಾಂಪಿಯನ್ ಆದ. ಗೆದ್ದದ್ದನ್ನೆಲ್ಲ ಕುದುರೆ ಪಂದ್ಯ, ಕ್ರೀಡೆಗಳ ಮೇಲಣ ಬಾಜಿ ಮತ್ತು ಮಾದಕದ್ರವ್ಯಗಳಿಗೆ ಸುರಿದ. ಹದಿನಾರು ವರ್ಷದ ಮೇಲೆ, 1997ರಲ್ಲಿ, ಬೇರೊಬ್ಬರು ಪ್ರವೇಶಧನ ಕಟ್ಟಿದ್ದರಿಂದ ಆಡಿ ಮೂರನೆಯ ಬಾರಿ ಗೆದ್ದ; ಬಹುಮಾನ ಹತ್ತು ಲಕ್ಷ ಡಾಲರು. ಮರುವರ್ಷ ನವೆಂಬರಿನಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಲಾಸ್ ವೇಗಸ್ಸಿನ ಅಗ್ಗದ ವಸತಿಗೃಹದ ಕೋಣೆಯೊಂದರಲ್ಲಿ ಹೆಣವಾಗಿ ಸಿಕ್ಕಿದ. ಇಡೀ ಪೋಕರಿನ ಚರಿತ್ರೆಯಲ್ಲಿ ಈತನಷ್ಟು ಜಾಣರು ಅಪರೂಪವೆಂಬುದು ಬಲ್ಲವರ ಮತ. ಪಂದ್ಯದ ಮೇಜಿನ ಮೇಲೆ ಮಿತಿ ಇತ್ತು, ಅಲ್ಲಿ ಗೆದ್ದ. ಮೇಜು ಬಿಟ್ಟೆದ್ದ ಮೇಲೆ ಮಿತಿ ಇರಲಿಲ್ಲ, ಅಲ್ಲಿ ಸೋತ.

2003 ಎರಡನೆಯ ತಿರುವು. ಆ ವರ್ಷ 839 ಮಂದಿಯಲ್ಲಿ ಗೆದ್ದವನು ಟೆನೆಸೀ ರಾಜ್ಯದ 27 ವಯಸ್ಸಿನ ಒಬ್ಬ ಲೆಕ್ಕಿಗ. ಹೆಸರು ಕ್ರಿಸ್ ಮನಿಮೇಕರ್. 'ಹಣ ಮಾಡುವವ' ಎಂಬ ಆ ಹೆಸರು ಹುಟ್ಟಿನಿಂದಲೇ ಬಂದದ್ದು. ಅಂತರ್ಜಾಲದಲ್ಲಿ 86 ಡಾಲರಿನ ಸ್ಯಾಟಲೈಟ್ ಪಂದ್ಯದಿಂದ ಮೇಲೇರಿ ಬಂದ ಈತ 25 ಲಕ್ಷ ಡಾಲರು ಗೆದ್ದ. ಮುಚ್ಚಿದ ಎಲೆಗಳನ್ನು ಪ್ರೇಕ್ಷಕರಿಗೆ ತೋರಿಸುವ ಕ್ಯಾಮರಾ ಅಷ್ಟರಲ್ಲಿ ದೂರದರ್ಶನಕ್ಕೆ ಬಂದಿತ್ತು. ಬರಿಗೈಯಲ್ಲಿ ಹೆದರಿಸಿ ಗೆದ್ದದ್ದನ್ನು ಮನೆಮಂದಿಯೆಲ್ಲ ಕಂಡರು. ಲೆಕ್ಕಿಗನಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಾಗದು ಎಂದುಕೊಂಡವರು ಸಾವಿರ ಸಾವಿರ. ಮರುವರ್ಷ 2,576 ಮಂದಿ ಬಂದರು, 2006ರಲ್ಲಿ 8,773. ಬಿನಿಯನ್ನನ ಮನೆ ಇಕ್ಕಟ್ಟಾಗಿ ಪಂದ್ಯ 2005ರಲ್ಲಿ ರಿಯೊ ಹೋಟೆಲಿಗೂ 2022ರಲ್ಲಿ ನಗರದ ಮುಖ್ಯ ಬೀದಿಗೂ ಸ್ಥಳಾಂತರಗೊಂಡಿತು. 2024ರಲ್ಲಿ ಮುಖ್ಯ ಪಂದ್ಯಕ್ಕೆ ಕುಳಿತವರು 10,112 ಮಂದಿ. ಗೆದ್ದವನಿಗೆ ಒಂದು ಕೋಟಿ ಡಾಲರು. ಐವತ್ತು ಮಂದಿ ಬಂದಾರೆಂದಿದ್ದ ಬೆನ್ನಿ ಬಿನಿಯನ್ 1989ರಲ್ಲಿಯೇ ತೀರಿಕೊಂಡಿದ್ದ.

ಆ 2024ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಟ್ಟಿದ ಪ್ರತಿ ಹತ್ತು ಸಾವಿರದಲ್ಲಿ ಬಹುಮಾನಕ್ಕೆ ಸೇರಿದ್ದು 9,300, ಏಳುನೂರು ನಡೆಸುವವರಿಗೆ. ಕೌಟಿಲ್ಯನ ದ್ಯೂತಾಧ್ಯಕ್ಷನಿಗೆ ನೂರಕ್ಕೆ ಐದು, ಇವರಿಗೆ ನೂರಕ್ಕೆ ಏಳು. ಎರಡು ಸಾವಿರ ವರ್ಷಗಳಲ್ಲಿ ಜೂಜುಮನೆಯ ಲೆಕ್ಕ ಅಷ್ಟೇನೂ ಬದಲಾಗಿಲ್ಲ. ಬಹುಮಾನ ಹಂಚಿಕೆಯಾದದ್ದು ನೂರಕ್ಕೆ ಹದಿನೈದು ಮಂದಿಗೆ. ಉಳಿದ ಎಂಟೂವರೆ ಸಾವಿರ ಮಂದಿ ಬರಿಗೈಯಲ್ಲಿ ಮರಳಿದರು. ಇದು ಮೋಸವಲ್ಲ, ಮೊದಲೇ ತಿಳಿಸಿದ ನಿಯಮ. ಆದರೆ ಗೆದ್ದವನ ಭಾವಚಿತ್ರದ ಪಕ್ಕದಲ್ಲಿ ಆ ಎಂಟೂವರೆ ಸಾವಿರ ಮಂದಿಯ ಚಿತ್ರ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಇನ್ನು ನಮ್ಮ ದೇಶದ ಮಾತು. 1950ರ ಸುಮಾರಿಗೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯಲ್ಲಿ ಆರ್. ಎಂ. ಡಿ. ಚಮರ್‌ಬಾಗ್‌ವಾಲಾ ಎಂಬವರು ಪದಬಂಧದ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಓದುಗರು ಅಪಾರ. ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಲು ಮುಂಬಯಿ ಸರಕಾರ 1952ರಲ್ಲಿ ಕಾಯಿದೆಯನ್ನು ತಿದ್ದಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಸುಳುಹಿಗೆ ಎರಡು ಪದಗಳು ಹೊಂದುವಂತಿದ್ದರೆ ಬಹುಮಾನ ಸಿಗುವುದು ನಡೆಸುವವರು ಮುಚ್ಚಿಟ್ಟ ಪದವನ್ನು ಊಹಿಸಿದವನಿಗೆ; ಭಾಷಾಜ್ಞಾನ ಅಲ್ಲಿ ನೆರವಾಗದು. 1957ರ ಏಪ್ರಿಲ್ 9ರಂದು ಕೋರ್ಟು ಇದು ಜೂಜೇ ಎಂದು ತೀರ್ಪಿತ್ತಿತು. ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದಿತು. ಋಗ್ವೇದದ ಆ ಸೂಕ್ತವನ್ನೂ ಪಾಂಡವರ ಪಾಡನ್ನೂ ತೀರ್ಪಿನಲ್ಲಿ ನೆನೆದರು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಜಾಣ್ಮೆಯೇ ಪ್ರಧಾನವಾದ ಸ್ಪರ್ಧೆಗಳಿಗೆ ನಿಷೇಧ ತಗಲದೆಂಬ ಗೆರೆಯನ್ನೂ ಎಳೆದರು.

ಆ ಗೆರೆಯ ಮೇಲೆಯೇ ಮುಂದಿನ ವ್ಯಾಜ್ಯಗಳೆಲ್ಲ ನಡೆದಿವೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, 1967ರಲ್ಲಿ, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ, ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದು ಸುಪ್ರೀಂ ಕೋರ್ಟು ಹೇಳಿತು. ಪೋಕರ್ ಯಾವ ಕಡೆಗೆ ಸೇರಬೇಕು? ಪಶ್ಚಿಮ ಬಂಗಾಳದ 1957ರ ಕಾಯಿದೆ ಅದನ್ನು ಜೂಜಿನ ಪಟ್ಟಿಯಿಂದ ಹೊರಗಿಟ್ಟಿತು. 1963ರ ಮೈಸೂರು ಪೋಲೀಸು ಕಾಯಿದೆ ಜಾಣ್ಮೆಯ ಆಟಗಳನ್ನು ಹೊರಗಿಟ್ಟಿದ್ದರಿಂದ, ಜಾಣ್ಮೆಯ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡವೆಂಬ ನಿಲುವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ತಳೆಯಿತು. ಗುಜರಾತಿನ ಉಚ್ಚ ನ್ಯಾಯಾಲಯ 2017ರಲ್ಲಿ ಅದನ್ನು ಜೂಜೆಂದೇ ಕರೆಯಿತು. ಗೋವೆಯಲ್ಲಿ 1992 ಮತ್ತು 1996ರ ತಿದ್ದುಪಡಿಗಳಿಂದ ಕ್ಯಾಸಿನೊಗಳಿಗೆ ಎಡೆ ದೊರೆತು, ಮಾಂಡವಿ ನದಿಯ ಮೇಲೆ ಲಂಗರು ಹಾಕಿದ ಹಡಗುಗಳಲ್ಲಿ ಪೋಕರ್ ಪಂದ್ಯಗಳೂ ನಡೆದಿವೆ. ಬೆಳಗಾವಿ ಹುಬ್ಬಳ್ಳಿಗಳಿಂದ ಅದು ಅರ್ಧ ದಿನದ ದಾರಿ.

ಹಡಗಿಗೆ ಹೋಗಲಾದರೂ ಹೊರಡಬೇಕು. ಕೈಯೊಳಗಣ ಫೋನಿಗೆ ಹೊರಡುವ ಶ್ರಮವೂ ಇಲ್ಲ. ಕರ್ನಾಟಕ ಸರಕಾರ 2021ರಲ್ಲಿ ಹಣದ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಹಣ ಕಟ್ಟಿ ಆಡುವ ಅಂತರ್ಜಾಲ ಆಟ ಜಾಣ್ಮೆಯದಾದರೂ ಸರಿ, ಅದೃಷ್ಟದ್ದಾದರೂ ಸರಿ, ನಿಷಿದ್ಧವೆಂದಿತು. 1957ರ ಗೆರೆಯನ್ನು ಸಂಸತ್ತು ಹೀಗೆ ದಾಟಿದೆ. ಜಾಣ್ಮೆಯ ಪ್ರಶ್ನೆಯನ್ನು ಬಿಟ್ಟು ಹಾನಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದೇ ಇದರ ವಿಶೇಷ.

ಈ ಚರಿತ್ರೆಯಿಂದ ನಮಗೆ ತೋರುವುದಿಷ್ಟು. ಪೋಕರ್ ಪಂದ್ಯದಲ್ಲಿ ಜಾಣ್ಮೆ ಇದೆ, ಗಣಿತ ಇದೆ, ಮನೋನಿಗ್ರಹ ಇದೆ. ಇಲ್ಲವೆನ್ನುವುದು ಸತ್ಯಕ್ಕೆ ದೂರ. ಬಿನಿಯನ್ನನ ಮನೆಯಲ್ಲಿ ಅದಕ್ಕೊಂದು ಹದವಾದ ಮಿತಿಯೂ ಬಿತ್ತು. ಆದರೆ ಪ್ರವೇಶಧನವು ಒಂದು ಪಂದ್ಯಕ್ಕೆ ಮಿತಿ, ಪಂದ್ಯಗಳ ಸಂಖ್ಯೆಗೆ ಮಿತಿಯಲ್ಲ. ಮುಖ್ಯ ಪಂದ್ಯದಲ್ಲಿ ಒಮ್ಮೆ ಸೋತವನಿಗೆ ಮರುಪ್ರವೇಶವಿಲ್ಲ. ಇತರ ಎಷ್ಟೋ ಪಂದ್ಯಗಳಲ್ಲಿ ಮತ್ತೆ ಹಣ ಕಟ್ಟಿ ಕೂರಬಹುದು. ಸಭಾಪರ್ವವನ್ನು ಓದಿದವರಿಗೆ ಇದರ ಅರ್ಥ ಬೇಗ ಹೊಳೆದೀತು. ಮೊದಲ ದ್ಯೂತದಲ್ಲಿ ಧರ್ಮರಾಯನು ಕಳೆದುಕೊಂಡದ್ದೆಲ್ಲ ಧೃತರಾಷ್ಟ್ರನು ದ್ರೌಪದಿಗಿತ್ತ ವರದಿಂದ ಮರಳಿ ಬಂದಿತ್ತು. ಪಾಂಡವರು ಊರಿನ ದಾರಿ ಹಿಡಿದಿದ್ದರು. ಆಗ ಮತ್ತೊಮ್ಮೆ ಕರೆ ಬಂತು. ಆ ಎರಡನೆಯ ಆಟ ಮಿತಿಯಿಲ್ಲದ್ದಲ್ಲ: ಒಂದೇ ಪಣ, ಒಂದೇ ಎಸೆತ, ನಿಯಮಗಳೆಲ್ಲ ಮೊದಲೇ ಗೊತ್ತು. ಪಾಂಡವರು ಕಾಡಿಗೆ ಹೋದದ್ದು ಆ ಎರಡನೆಯ ಆಟದಿಂದ.